ಪಕ್ಕದ ಮನೆಯ ಬೆಕ್ಕು ಮತ್ತು ಅದರ ಕುತ್ತಿಗೆಯ ಚಿಗಟದ ಪಟ್ಟಿ: ನನ್ನ ಅನುಭವ

ಶಿವಮೊಗ್ಗದಲ್ಲಿ ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ಸೊಂಟದೆತ್ತರದ ಒಂದು ಗೋಡೆ ಮಾತ್ರ. ಆ ಗೋಡೆಯ ಮೇಲೆ ದಿನವೂ ಬೆಳಗ್ಗೆ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿರುತ್ತಿದ್ದ ಚುಕ್ಕಿ ಎಂಬ ಮೂರು ಬಣ್ಣದ ಹೆಣ್ಣು ಬೆಕ್ಕನ್ನು ಸಾಕಿದವರು ಮೇಷ್ಟ್ರ ಪತ್ನಿ. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಅಮ್ಮನವರು ತೀರಿಕೊಂಡರು. ದೀಪಾವಳಿಯ ಹೊತ್ತಿಗೆ ಚುಕ್ಕಿಯ ಬೆನ್ನುಮೂಳೆ ಕಣ್ಣಿಗೆ ಕಾಣುತ್ತಿತ್ತು, ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು, ಕುಳಿತಲ್ಲಿ ಕೂರಲಾರದೆ ಹಿಂಗಾಲಿನಿಂದ ಕುತ್ತಿಗೆಯನ್ನು ಕೆರೆದುಕೊಳ್ಳುತ್ತಿತ್ತು. ಕುತ್ತಿಗೆಯಲ್ಲಿ ಬೂದು ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿ ಇತ್ತು. ಅದನ್ನು ನೋಡಿ, ಯಾರೋ ಚಿಗಟಕ್ಕೆ ವ್ಯವಸ್ಥೆ ಮಾಡಿದ್ದಾರೆ ಎಂದು ನಾನು ಎರಡು ವಾರ ಸುಮ್ಮನಿದ್ದೆ. ಆ ಎರಡು ವಾರದ ಬಗ್ಗೆ ನನಗೆ ಇಂದಿಗೂ ನೋವಿದೆ.

ಬೇರೆಯವರ ಮನೆಯ ಪ್ರಾಣಿಗೆ ಔಷಧ ಮಾಡುವುದಕ್ಕೆ ನಮಗೆ ಅಧಿಕಾರವಿಲ್ಲ. ಇದು ಬರಿಯ ಮರ್ಯಾದೆಯ ಮಾತಲ್ಲ, ಬೆಕ್ಕಿನ ಜೀವಕ್ಕೆ ಸಂಬಂಧಿಸಿದ ಮಾತು, ಏಕೆಂದರೆ ಅದರ ಮೈಮೇಲೆ ಈಗಾಗಲೇ ಯಾವ ಔಷಧವಿದೆ ಎಂಬುದು ಸಾಕಿದವರಿಗೆ ಮಾತ್ರ ಗೊತ್ತಿರುತ್ತದೆ. ಅದನ್ನು ತಿಳಿಯದೆ ನಾವು ಇನ್ನೊಂದನ್ನು ಹಾಕಿದರೆ ಎರಡು ಕೀಟನಾಶಕಗಳು ಒಂದೇ ಪುಟ್ಟ ಶರೀರದೊಳಗೆ ಸೇರುತ್ತವೆ. ಬೀದಿಯ ಒಬ್ಬರು ದೂರು ಕೊಡಿ ಎಂದು ನನಗೆ ಸಲಹೆ ಮಾಡಿದರು. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೇ ಹೌದು. ಆದರೆ ಹೆಂಡತಿಯನ್ನು ಕಳೆದುಕೊಂಡು ತಾವೇ ಎರಡು ಹೊತ್ತು ಸರಿಯಾಗಿ ಊಟ ಮಾಡದ ಮನುಷ್ಯರ ಬಾಗಿಲಿಗೆ ಪೊಲೀಸರನ್ನು ಕಳಿಸುವುದು ನನಗೆ ಸರಿ ಕಾಣಲಿಲ್ಲ. ಒಂದು ಸಂಜೆ ನಾನೇ ಹೋಗಿ, "ಮೇಷ್ಟ್ರೇ, ಚುಕ್ಕಿ ತುಂಬ ಸೊರಗಿದೆ. ನೀವು ಒಪ್ಪಿದರೆ ನಾನು ಸ್ವಲ್ಪ ದಿನ ನೋಡಿಕೊಳ್ಳುತ್ತೇನೆ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಅವಳ ಬೆಕ್ಕು ಕಣಮ್ಮ. ನನಗೆ ಅದರ ಮುಖ ನೋಡುವುದಕ್ಕೇ ಆಗುವುದಿಲ್ಲ. ನೀನು ಏನು ಮಾಡಿದರೂ ಸರಿ" ಎಂದರು.

ಪಟ್ಟಿಯ ವಿಚಾರ ಕೇಳಿದಾಗ, ತಿಥಿಗೆ ಬಂದಿದ್ದ ಸಂಬಂಧಿಕರ ಹುಡುಗನೊಬ್ಬ ಕನಿಕರದಿಂದ ಅಂಗಡಿಯಿಂದ ತಂದು ಕಟ್ಟಿದನೆಂದು ತಿಳಿಯಿತು. ಅದರ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿಯೇ ಇತ್ತು. ಮೇಲೆ ನಾಯಿಯ ಚಿತ್ರ, ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕದ ಹೆಸರು. ಆ ಹುಡುಗನನ್ನು ನಾನು ದೂರುವುದಿಲ್ಲ, ಏಕೆಂದರೆ ಅದೇ ವಾರ ನಮ್ಮ ನಾಯಿಗೆ ಹಾಕಿ ಉಳಿದಿದ್ದ ಉಣ್ಣೆ ಔಷಧದ ಟ್ಯೂಬಿನಿಂದ ನಾಲ್ಕು ಹನಿಯನ್ನು ಚುಕ್ಕಿಯ ಬೆನ್ನಿಗೆ ಹಾಕೋಣವೆಂದು ನಾನೂ ಯೋಚಿಸಿದ್ದೆ. ಅದರಲ್ಲಿಯೂ ಇದ್ದದ್ದು ಪರ್ಮೆಥ್ರಿನ್ನೇ.

ನಾಯಿಗೆ ಏನೂ ಮಾಡದ ಪರ್ಮೆಥ್ರಿನ್ ಬೆಕ್ಕಿಗೆ ವಿಷವಾಗುವುದಕ್ಕೆ ಕಾರಣ ಬೆಕ್ಕಿನ ಯಕೃತ್ತಿನಲ್ಲಿದೆ. ಇಂಥ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಕಿಣ್ವಗಳ ಒಂದು ಗುಂಪು ಬೆಕ್ಕಿನ ಜಾತಿಯಲ್ಲಿ ಬಹಳ ದುರ್ಬಲವಾಗಿದೆ, ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಬೆಕ್ಕನ್ನು ಕೊಲ್ಲುವುದು ಇದೇ ಕೊರತೆಯಿಂದ. ಹಾಗಾಗಿ ಪರ್ಮೆಥ್ರಿನ್ ದೇಹದಲ್ಲಿಯೇ ಉಳಿದು ನರಗಳನ್ನು ಸತತವಾಗಿ ಕೆರಳಿಸುತ್ತದೆ. ಕಿವಿ ಮತ್ತು ಮುಖದ ಚರ್ಮ ಅದುರುವುದು, ಜೊಲ್ಲು ಸುರಿಯುವುದು, ನಡೆಯುವಾಗ ತೂರಾಡುವುದು, ಕೊನೆಗೆ ಮೈಯೆಲ್ಲ ನಡುಗಿ ಸೆಳವು ಬರುವುದು ಅದರ ಲಕ್ಷಣಗಳು. ಇವು ಕೆಲವೇ ಗಂಟೆಗಳಲ್ಲಿ ಕಾಣಿಸಬಹುದು, ಒಂದೆರಡು ದಿನ ತಡವಾಗಿಯೂ ಬರಬಹುದು. ನಾಯಿಗಳ ಹನಿ ಔಷಧದಲ್ಲಿ ಪರ್ಮೆಥ್ರಿನ್ ಶೇಕಡ 45ಕ್ಕಿಂತ ಹೆಚ್ಚು ಇರುವುದುಂಟು. ಅಂಥದ್ದು ಒಂದು ಮಿಲಿಲೀಟರ್ ಮೈಗೆ ಬಿದ್ದರೂ ಬೆಕ್ಕಿನ ಪ್ರಾಣಕ್ಕೆ ಕುತ್ತು. ಪಟ್ಟಿಯಲ್ಲಿ ಪ್ರಮಾಣ ಕಡಿಮೆಯಿದ್ದು ನಿಧಾನವಾಗಿ ಹೊರಬರುತ್ತದೆಯಾದರೂ, ಬಡಕಲಾಗಿ ರಕ್ತ ಕಡಿಮೆಯಾದ ಬೆಕ್ಕಿನ ಕುತ್ತಿಗೆಯಲ್ಲಿ ಅದು ಹಗಲಿರುಳು ಇರುವುದನ್ನು ಸಣ್ಣ ಮಾತೆಂದು ಎಣಿಸಲಾಗದು.

ಆದರೆ ಚುಕ್ಕಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಆ ಪಟ್ಟಿಯಲ್ಲಿದ್ದ ವಿಷಕ್ಕಿಂತ ಅದು ಸಡಿಲಗೊಂಡದ್ದು. ಹುಡುಗ ಕಟ್ಟಿದಾಗ ಕುತ್ತಿಗೆಗೆ ಸರಿಯಾಗಿದ್ದ ಪಟ್ಟಿ, ಬೆಕ್ಕು ಸೊರಗುತ್ತ ಹೋದಂತೆ ಸಡಿಲವಾಯಿತು. ಕೆರೆದುಕೊಳ್ಳುವಾಗ ಎಡ ಮುಂಗಾಲು ಅದರೊಳಗೆ ತೂರಿ ಪಟ್ಟಿ ಕಂಕುಳಿಗೆ ಸಿಕ್ಕಿಕೊಂಡಿತು. ನಾನು ದೂರದಿಂದ ಕುಂಟುತ್ತಿದೆ ಎಂದಷ್ಟೇ ಅಂದುಕೊಂಡಿದ್ದೆ. ಮೂರು ದಿನ ಗೋಡೆಯ ಮೇಲೆ ಅನ್ನದ ಜೊತೆ ಬೇಯಿಸಿದ ಮೀನಿನ ಚೂರು ಇಟ್ಟು, ಪ್ರತಿದಿನ ಒಂದೊಂದು ಮೊಳ ಹತ್ತಿರ ಕುಳಿತು ಅದರ ನಂಬಿಕೆ ಗಳಿಸಿದ ಮೇಲೆ ಮುಟ್ಟಲು ಬಿಟ್ಟಿತು. ಹಾಲು ಕೊಡಲಿಲ್ಲ, ಏಕೆಂದರೆ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಳೆಯ ಟವೆಲ್ಲಿನಲ್ಲಿ ಸುತ್ತಿ ಕಂಕುಳನ್ನು ನೋಡಿದಾಗ ಪಟ್ಟಿ ಚರ್ಮವನ್ನು ಸೀಳಿ ಒಳಗೆ ಇಳಿದಿತ್ತು, ಕೀವಿನ ವಾಸನೆಯಿತ್ತು. ನಾನು ಕತ್ತರಿ ತೆಗೆದುಕೊಂಡವಳು ಹಾಗೆಯೇ ಕೆಳಗಿಟ್ಟೆ. ಪಟ್ಟಿ ಚರ್ಮದ ಮೇಲೆ ಸಡಿಲವಾಗಿದ್ದರೆ ಮೊಂಡು ತುದಿಯ ಕತ್ತರಿಯಿಂದ ಮನೆಯಲ್ಲಿಯೇ ಕತ್ತರಿಸಬಹುದು. ಮಾಂಸಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು.

ಚುಕ್ಕಿಯನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಬುಟ್ಟಿ ಕವುಚಿ ಕಟ್ಟಿ, ಪಶುವೈದ್ಯಕೀಯ ಮಹಾವಿದ್ಯಾಲಯದ ಚಿಕಿತ್ಸಾಲಯಕ್ಕೆ ಆಟೋದಲ್ಲಿ ಒಯ್ದೆ. ಪಟ್ಟಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋದದ್ದು ನಾನು ಮಾಡಿದ ಒಳ್ಳೆಯ ಕೆಲಸ, ವೈದ್ಯರು ಮೊದಲು ಕೇಳಿದ್ದೇ ಅದನ್ನು. ತೂಕ 2 ಕಿಲೋಗ್ರಾಂ 100 ಗ್ರಾಂ ಇತ್ತು. ತುಟಿ ಸರಿಸಿ ತೋರಿಸಿದಾಗ ಒಸಡು ಗುಲಾಬಿ ಇರಬೇಕಾದಲ್ಲಿ ಬಿಳಿಚಿಕೊಂಡಿತ್ತು, ಚಿಗಟಗಳು ಅಷ್ಟು ರಕ್ತ ಹೀರಿದ್ದವು. ಬಾಲದ ಕೆಳಗೆ ಅಕ್ಕಿಕಾಳಿನಂಥ ಚೂರುಗಳು ಅಂಟಿದ್ದವು. ಅವು ಲಾಡಿಹುಳುವಿನ ತುಂಡುಗಳು. ಆ ಹುಳುವಿನ ಮರಿ ಚಿಗಟದ ಹೊಟ್ಟೆಯಲ್ಲಿರುತ್ತದೆಯೆಂದೂ, ಬೆಕ್ಕು ಮೈ ನೆಕ್ಕುವಾಗ ಚಿಗಟವನ್ನು ನುಂಗಿದರೆ ಅದು ಕರುಳು ಸೇರುತ್ತದೆಯೆಂದೂ ವೈದ್ಯರು ವಿವರಿಸಿದರು. ಪಟ್ಟಿಯನ್ನು ಬಿಡಿಸಿ ಗಾಯ ತೊಳೆದು ಹೊಲಿಗೆ ಹಾಕಿದರು, ಕುತ್ತಿಗೆಯ ರೋಮಕ್ಕೆ ಅಂಟಿದ್ದ ಔಷಧದ ಪುಡಿ ಹೋಗುವಂತೆ ಪಾತ್ರೆ ತೊಳೆಯುವ ಮೃದು ದ್ರವ ಸೇರಿಸಿದ ಉಗುರುಬೆಚ್ಚನೆಯ ನೀರಿನಿಂದ ಒರೆಸಿದರು. ನೀರು ಬಿಸಿಯಿದ್ದರೆ ಚರ್ಮದ ರಕ್ತನಾಳಗಳು ಅಗಲವಾಗಿ ವಿಷ ಇನ್ನಷ್ಟು ಒಳಗೆ ಹೋಗುತ್ತದೆ, ತಣ್ಣಗಿದ್ದರೆ ನಿಶ್ಶಕ್ತ ಬೆಕ್ಕಿನ ಮೈ ಕುಸಿಯುತ್ತದೆ. ಈ ವಿಷಕ್ಕೆ ಪ್ರತ್ಯೇಕ ಪ್ರತಿವಿಷ ಇಲ್ಲವೆಂದೂ, ನಡುಕ ಶುರುವಾದರೆ ಮನೆಮದ್ದಿಗೆ ಕಾಯದೆ ಆ ಗಳಿಗೆಯಲ್ಲೇ ಕರೆತರಬೇಕೆಂದೂ ಅವರು ಎರಡು ಸಲ ಹೇಳಿದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ: "ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಅದಕ್ಕೆ ಏನು ಹಾಕುತ್ತೀರಿ?" ಔಷಧ ಹಾಕಿದ ನಾಯಿಗೆ ಮೈ ತಾಗಿಸಿ ಮಲಗಿದರೂ, ಅದರ ಮೈ ನೆಕ್ಕಿದರೂ ಬೆಕ್ಕಿಗೆ ವಿಷವೇರುತ್ತದೆಯಂತೆ. ಅಂದಿನಿಂದ ನಮ್ಮ ನಾಯಿಗೆ ಪರ್ಮೆಥ್ರಿನ್ ಇಲ್ಲದ ಔಷಧವನ್ನು ಬರೆಸಿಕೊಂಡೆ.

ಗಾಯ ಮಾಗಲು ಹತ್ತು ದಿನ ಹಿಡಿಯಿತು. ಅಷ್ಟು ದಿನ ಚಿಗಟಕ್ಕೆ ಯಾವ ಔಷಧವನ್ನೂ ಹಾಕದೆ, ಹೇನು ತೆಗೆಯುವ ಸೀರಣಿಗೆಯಿಂದ ದಿನಕ್ಕೆರಡು ಬಾರಿ ಬಾಚಿದೆ. ಕುತ್ತಿಗೆಯಿಂದ ಬಾಲದ ಬುಡದವರೆಗೆ ರೋಮದ ಜಾಡಿನಲ್ಲಿಯೇ ನಿಧಾನವಾಗಿ ಎಳೆದು, ಬಂದ ಚಿಗಟಗಳನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದುತ್ತಿದ್ದೆ. ಬರಿಯ ನೀರಿನಲ್ಲಿ ಅವು ತೇಲಿ ಜಿಗಿದು ಪಾರಾಗುತ್ತವೆ. ಮೊದಲ ದಿನ 43 ಚಿಗಟ ಸಿಕ್ಕವು. ಬಾಚಣಿಗೆಗೆ ಬಂದ ಕರಿಯ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿದರೆ ಸುತ್ತಲೂ ಕೆಂಪು ಕಲೆ ಹರಡುತ್ತಿತ್ತು, ಅದು ಮಣ್ಣಲ್ಲ, ಚಿಗಟದ ಹಿಕ್ಕೆಯಲ್ಲಿರುವ ಬೆಕ್ಕಿನದೇ ರಕ್ತ. ಹೊಲಿಗೆ ಬಿಚ್ಚಿದ ಮೇಲೆ ವೈದ್ಯರು ಬೆಕ್ಕಿಗೆಂದೇ ತಯಾರಾದ ಫಿಪ್ರೊನಿಲ್ ಹನಿ ಔಷಧ ಕೊಟ್ಟರು. ಅರ್ಧ ಮಿಲಿಲೀಟರಿನ ಆ ಪುಟ್ಟ ಟ್ಯೂಬನ್ನು ತಲೆಬುರುಡೆಯ ಬುಡದಲ್ಲಿ, ನಾಲಿಗೆ ತಲುಪದ ಜಾಗದಲ್ಲಿ ರೋಮ ಬಿಡಿಸಿ ಚರ್ಮಕ್ಕೇ ಹಾಕಬೇಕು.

ಅಕ್ಕಪಕ್ಕದವರು ಪ್ರೀತಿಯಿಂದಲೇ ಹಲವು ಮದ್ದು ಹೇಳಿದರು. ಕರ್ಪೂರದ ಎಣ್ಣೆ, ನುಸಿಗುಳಿಗೆ, ಫಿನಾಯಿಲ್ ನೀರು, ಅರೆದ ಬೆಳ್ಳುಳ್ಳಿ, ಇರುವೆ ಪುಡಿ. ಇವುಗಳಲ್ಲಿ ಒಂದೂ ಬೆಕ್ಕಿನ ಮೈಗೆ ತಾಗಬಾರದು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡುವ ಪ್ರಾಣಿಯಾದ್ದರಿಂದ ರೋಮಕ್ಕೆ ಸವರಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಇರುವೆ ಪುಡಿಗಳಲ್ಲಿ ಅನೇಕವು ಪರ್ಮೆಥ್ರಿನ್ನಿನ ಬಳಗದವೇ.

ಮೈಮೇಲಿನ ಚಿಗಟಗಳು ಕಡಿಮೆಯಾದರೂ ಪೂರ್ತಿ ಹೋಗಲಿಲ್ಲ. ಕಣ್ಣಿಗೆ ಕಾಣುವ ಬಲಿತ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ಸುಮಾರು ಶೇಕಡ 5 ಮಾತ್ರ, ಉಳಿದ 95 ಪಾಲು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಬೆಕ್ಕು ಮಲಗುವ ಜಾಗದಲ್ಲಿರುತ್ತದೆ. ಚುಕ್ಕಿ ಮಲಗುತ್ತಿದ್ದ ಸೌದೆ ಕೊಟ್ಟಿಗೆಯ ಗೋಣಿಚೀಲವನ್ನು ಸುಟ್ಟಾಗಿತ್ತು. ಇನ್ನೆಲ್ಲಿ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಒಳಗಿನ ಕೋಣೆಯ ಕಡೆ ನೋಡಿದರು. ಅದು ಅಮ್ಮನವರ ಕೋಣೆ. ಅವರು ಹೋದ ಮೇಲೂ ಚುಕ್ಕಿ ಕಿಟಕಿಯಿಂದ ನುಗ್ಗಿ ಅವರ ಮಂಚದ ಮೇಲೆಯೇ ಮಲಗುತ್ತಿತ್ತಂತೆ. ಆಗಸ್ಟ್ ತಿಂಗಳ ಮಳೆಗೆ ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದವರು ಆಮೇಲೆ ಬಾಗಿಲನ್ನೂ ತೆಗೆದಿರಲಿಲ್ಲ.

ನಾವಿಬ್ಬರೂ ಸೇರಿ ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಪಾದದಿಂದ ಮೊಣಕಾಲಿನವರೆಗೆ ಚಿಗಟಗಳು ಹತ್ತಿದವು. ಮೂರು ತಿಂಗಳು ಯಾವ ಜೀವವೂ ಇಲ್ಲದ ಕೋಣೆಯಲ್ಲಿ ಇದು ಹೇಗೆ ಸಾಧ್ಯವೆಂದು ಮೇಷ್ಟ್ರು ದಂಗಾದರು. ಗೂಡಿನೊಳಗಿನ ಚಿಗಟ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ನೆಲದ ಅದುರು, ಮೈಯ ಶಾಖ, ನಾವು ಬಿಡುವ ಉಸಿರು ಗೊತ್ತಾದೊಡನೆ ಒಡೆದು ಹೊರಬರುತ್ತದೆ. ಅಂಟಂಟಾದ ಆ ಗೂಡಿಗೆ ಕಸ ಕಡ್ಡಿ ಮೆತ್ತಿಕೊಂಡಿರುವುದರಿಂದ ಔಷಧ ಒಳಗೆ ಇಳಿಯುವುದೂ ಕಷ್ಟ. ಹಾಸಿಗೆಯ ಬಟ್ಟೆಗಳನ್ನು ಕುದಿನೀರಿನಲ್ಲಿ ನೆನೆಸಿ ಒಗೆದೆವು. ಅಮ್ಮನವರ ಹತ್ತಿಯ ಹಾಸಿಗೆಯನ್ನು ಎಸೆಯಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅದನ್ನು ವಾರಗಟ್ಟಲೆ ತಾರಸಿಯಲ್ಲಿ ಬಿಸಿಲಿಗೆ ಹಾಕಿ, ಮಗುಚಿ ಹಾಕಿ, ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎರಡೂ ಬದಿ ಎಳೆದೆವು. ಮಂಚದ ಕಾಲಿನ ಸಂದು, ಗೋಡೆಯ ಅಂಚು, ಕಪಾಟಿನ ಅಡಿಯನ್ನು ದಿನವೂ ಗುಡಿಸಿ ಆ ಕಸವನ್ನು ಸುಟ್ಟೆವು. ರಾತ್ರಿ ನೆಲದ ಮೇಲೆ ಸೋಪಿನ ನೀರಿನ ತಟ್ಟೆಯಿಟ್ಟು ಮೇಲೊಂದು ಬಲ್ಬ್ ಉರಿಸಿದರೆ ಬೆಳಗ್ಗೆ ತಟ್ಟೆಯಲ್ಲಿ ಕರಿಯ ಚುಕ್ಕೆಗಳು ತುಂಬಿರುತ್ತಿದ್ದವು. ಮೇಷ್ಟ್ರು ಅವನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡತೊಡಗಿದರು.

ಇನ್ನು ಚಿಗಟದ ಪಟ್ಟಿಯನ್ನೇ ಬಳಸಬಾರದೇ ಎಂದು ಮೇಷ್ಟ್ರೂ ಕೇಳಿದರು, ಬೀದಿಯವರೂ ಕೇಳಿದರು. ಬಳಸಬಹುದು. ಇಮಿಡಾಕ್ಲೊಪ್ರಿಡ್ ಮತ್ತು ಫ್ಲುಮೆಥ್ರಿನ್ ಎಂಬ ಕೀಟನಾಶಕಗಳು ಸೇರಿದ, ಬೆಕ್ಕಿಗೆಂದೇ ಮಾಡಿದ ಪಟ್ಟಿಗಳಿವೆ, ಎಂಟು ತಿಂಗಳವರೆಗೆ ಕೆಲಸ ಮಾಡುತ್ತವೆ, ಹತ್ತು ವಾರ ದಾಟಿದ ಮರಿಗಳಿಗೂ ಆಗುತ್ತದೆ. ಆದರೆ ಡಬ್ಬಿಯ ಮೇಲೆ ಬೆಕ್ಕು ಎಂದು ಬರೆದಿರಬೇಕು, ದೊಡ್ಡ ನಾಯಿಯ ಪಟ್ಟಿಯನ್ನು ಕತ್ತರಿಸಿ ಚಿಕ್ಕದು ಮಾಡಿ ಕಟ್ಟುವುದು ಪರಿಹಾರವಲ್ಲ. ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಕೊಂಡಿ ಇರಬೇಕು. ಕಟ್ಟಿದ ಮೇಲೆ ಕುತ್ತಿಗೆಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟೇ ಜಾಗವಿರಬೇಕು, ಹೆಚ್ಚಿದ್ದರೆ ಕಾಲು ಅಥವಾ ಕೆಳದವಡೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಿದ್ದರೆ ಚರ್ಮ ಕೊರೆಯುತ್ತದೆ. ಉಳಿದ ತುದಿಯನ್ನು ಕತ್ತರಿಸಿ ಹಾಕಬೇಕು, ಇಲ್ಲವಾದರೆ ಬೆಕ್ಕು ಅದನ್ನು ಅಗಿಯುತ್ತದೆ. ಇಷ್ಟನ್ನೂ ಪಾಲಿಸಿದರೂ ವಾರಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವವರು ಬೇಕು. ಚುಕ್ಕಿಯ ಮನೆಯಲ್ಲಿ ಅಂಥವರು ಆಗ ಇರಲಿಲ್ಲ. ಆ ಕಾರಣಕ್ಕಾಗಿ ನಾನು ಹನಿ ಔಷಧವನ್ನೇ ಮುಂದುವರಿಸಿದೆ.

ಮೊದಲ ಎರಡು ತಿಂಗಳ ಹನಿಯನ್ನು ನಾನು ಹಾಕಿದೆ. ಮೂರನೆಯ ತಿಂಗಳು ಟ್ಯೂಬ್ ಹಿಡಿದು ಹೋದಾಗ ಮೇಷ್ಟ್ರು, "ನಾನೇ ಹಾಕುತ್ತೇನೆ, ಹೇಗೆಂದು ತೋರಿಸಮ್ಮ" ಎಂದರು. ಕೈ ನಡುಗುತ್ತಿದ್ದುದರಿಂದ ರೋಮವನ್ನು ನಾನು ಬಿಡಿಸಿ ಹಿಡಿದೆ, ಅವರು ಹನಿಸಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ "ಚುಕ್ಕಿಗೆ ಔಷಧ" ಎಂದು ತಮ್ಮ ದುಂಡು ಅಕ್ಷರದಲ್ಲಿ ಬರೆದರು. ಈಗ ಅದರ ತೂಕ 3 ಕಿಲೋಗ್ರಾಂ 200 ಗ್ರಾಂ ಇದೆ. ಎಡ ಕಂಕುಳಲ್ಲಿ ಕೂದಲು ಬಾರದ ಒಂದು ಬಿಳಿಯ ಗೆರೆ ಉಳಿದಿದೆ, ಸೀರಣಿಗೆಗೆ ಆರು ವಾರಗಳಿಂದ ಏನೂ ಸಿಕ್ಕಿಲ್ಲ. ಒಳಗಿನ ಕೋಣೆಯ ಕಿಟಕಿಯನ್ನು ಮೇಷ್ಟ್ರು ಪ್ರತಿದಿನ ಬೆಳಗ್ಗೆ ತೆಗೆಯುತ್ತಾರೆ.