ಮೆಡಿಕೇರ್ ಹೆಸರಿನ ‘ಉಚಿತ’ ಸಾಮಗ್ರಿ: ಒಪ್ಪುವ ಮೊದಲು ಇಷ್ಟು ಮಾಡಿ

‘ಮಂಡಿನೋವು ಇದೆಯಾ? ಮೆಡಿಕೇರ್‌ನಿಂದ ಮಂಡಿಗೆ ಕಟ್ಟುವ ಬ್ರೇಸ್ ಉಚಿತ. ಕಾರ್ಡ್ ನಂಬರ್ ಓದಿ ಸಾಕು, ಮನೆಗೇ ಬರುತ್ತೆ.’ ಅಮೆರಿಕದಲ್ಲಿ 65 ದಾಟಿದವರಿಗೆ ಇಂಥ ಕರೆ ಹೊಸದಲ್ಲ. ಮೆಡಿಕೇರ್ ಎಂದರೆ ಮುಖ್ಯವಾಗಿ ಈ ವಯಸ್ಸಿನವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ. ಗ್ರೀನ್‌ಕಾರ್ಡ್ ಮೇಲೆ ಮಕ್ಕಳ ಜತೆ ಐದು ವರ್ಷ ನೆಲೆಸಿ ಮೆಡಿಕೇರ್ ಪಡೆದ ನಮ್ಮ ಹಿರಿಯರಿಗೂ ಬರುತ್ತದೆ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಮೆಡಿಕೇರ್ ಇರುವುದೇ ಇಲ್ಲ. ಅವರಿಗೂ ಕರೆ ಬಂತೆಂದರೆ ಅದು ಮೋಸವೇ, ಮತ್ತೆ ಯೋಚಿಸುವ ಅಗತ್ಯವಿಲ್ಲ.

ಮೊದಲು ಫೋನ್ ಇಡಿ. ಸಾಮಗ್ರಿ ಮಾರುವವರು ತಾವಾಗಿ ಕರೆ ಮಾಡಲು ಕಾನೂನಿನಲ್ಲಿ ಅವಕಾಶ ಇರುವುದು ಮೂರೇ ಸಂದರ್ಭದಲ್ಲಿ: ನೀವು ಲಿಖಿತ ಅನುಮತಿ ಕೊಟ್ಟಿದ್ದರೆ, ಈಗಾಗಲೇ ಕೊಟ್ಟ ವಸ್ತುವಿನ ವಿಷಯ ಮಾತಾಡಬೇಕಿದ್ದರೆ, ಇಲ್ಲವೇ ಕಳೆದ 15 ತಿಂಗಳಲ್ಲಿ ಅವರಿಂದ ಏನಾದರೂ ಪಡೆದಿದ್ದರೆ. ಹೆಸರೇ ಕೇಳದ ಕಂಪನಿ ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಕಾರ್ಡಿನ ಮೇಲಿನ 11 ಅಕ್ಷರ–ಅಂಕಿಗಳ ನಂಬರನ್ನು ಬ್ಯಾಂಕ್ ಪಿನ್‌ನಷ್ಟೇ ಗುಟ್ಟಾಗಿಡಿ.

ವಸ್ತು ನಿಜಕ್ಕೂ ಬೇಕಿದ್ದರೆ ನಿಮ್ಮ ವೈದ್ಯರಿಂದ ಶುರು ಮಾಡಿ. ವಾಕರ್, ವೀಲ್‌ಚೇರ್, ಆಸ್ಪತ್ರೆ ಮಂಚ, ನೆಬ್ಯುಲೈಸರ್, ಆಕ್ಸಿಜನ್, ಗ್ಲೂಕೋಮೀಟರ್ ಇವು ವೈದ್ಯರ ಆದೇಶವಿದ್ದರೆ ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ವೈದ್ಯರ ಭೇಟಿ, ಉಪಕರಣಗಳ ಖರ್ಚು ನೋಡುವ ಭಾಗ) ಅಡಿ ಸಿಗುತ್ತವೆ. ಸ್ನಾನಕ್ಕೆ ಕೂರುವ ಕುರ್ಚಿ, ಬಚ್ಚಲ ಗೋಡೆಯ ಹಿಡಿಕೆ, ದೊಡ್ಡವರ ಡೈಪರ್ ಸರ್ಕಾರವೇ ನಡೆಸುವ ಮೂಲ ಮೆಡಿಕೇರ್‌ನಲ್ಲಿ ಇಲ್ಲ. ಖಾಸಗಿ ಕಂಪನಿಗಳು ನಡೆಸುವ ಅಡ್ವಾಂಟೇಜ್ ಪ್ಲಾನ್‌ಗಳಲ್ಲಿ ಕೆಲವು ಇಂಥವನ್ನೂ ಕೊಡುತ್ತವೆ. ಪ್ಲಾನ್ ಕಾರ್ಡಿನ ಹಿಂಬದಿಯ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ಸಕ್ಕರೆ ಕಾಯಿಲೆಯವರಿಗೆ ಲೆಕ್ಕ ಸ್ಪಷ್ಟವಾಗಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೂರು ತಿಂಗಳಿಗೆ ರಕ್ತದ ಸಕ್ಕರೆ ನೋಡುವ 300 ಸ್ಟ್ರಿಪ್, ಬೆರಳು ಚುಚ್ಚುವ 300 ಲ್ಯಾನ್ಸೆಟ್. ಇಲ್ಲದವರಿಗೆ ತಲಾ 100. ಇದಕ್ಕಿಂತ ಹೆಚ್ಚು ಬೇಕಾದರೆ ವೈದ್ಯರು ಕಾರಣ ದಾಖಲಿಸಬೇಕು. ನೀವು ಕೇಳದೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಬರುತ್ತಿದ್ದರೆ ಅದು ಸೇವೆಯಲ್ಲ, ನಿಮ್ಮ ಹೆಸರಿನಲ್ಲಿ ಮೆಡಿಕೇರ್‌ಗೆ ಹಾಕುವ ಬಿಲ್.

ಮುಂದಿನದು ಅಂಗಡಿಯ ಆಯ್ಕೆ. ಆರ್ಡರ್ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ: ‘ಮೆಡಿಕೇರ್‌ನಲ್ಲಿ ನೋಂದಣಿ ಆಗಿದೆಯೇ? ಅಸೈನ್‌ಮೆಂಟ್ ಒಪ್ಪುತ್ತೀರಾ?’ ಎರಡನೆಯದರ ಅರ್ಥ, ಮೆಡಿಕೇರ್ ಒಪ್ಪಿದ ದರವೇ ಪೂರ್ತಿ ದರ ಎಂದು. ಒಪ್ಪದ ಅಂಗಡಿ ತನಗೆ ತೋಚಿದಷ್ಟು ಕೇಳಬಹುದು, ಅದಕ್ಕೆ ಮಿತಿಯಿಲ್ಲ.

ಒಪ್ಪಿದರೂ ಪೂರ್ತಿ ಬಿಟ್ಟಿ ಅಲ್ಲ. ವರ್ಷದ ಡಿಡಕ್ಟಿಬಲ್ (ಮೊದಲು ನೀವೇ ಭರಿಸಬೇಕಾದ ಮೊತ್ತ, 2026ಕ್ಕೆ 283 ಡಾಲರ್) ಮುಗಿದ ಮೇಲೆ ಶೇ 80 ಮೆಡಿಕೇರ್, ಶೇ 20 ನೀವು. ವಾಕರ್‌ಗೆ ಒಪ್ಪಿದ ದರ 100 ಡಾಲರ್ ಎಂದುಕೊಂಡರೆ 20 ನಿಮ್ಮ ಪಾಲು. ಪೂರಕ ವಿಮೆಯಿದ್ದರೆ ಸಾಮಾನ್ಯವಾಗಿ ಅದೇ ಭರಿಸುತ್ತದೆ. ತೀರಾ ಕಷ್ಟದಲ್ಲಿರುವ ಒಬ್ಬರಿಗೆ ಅಂಗಡಿ ಈ ಪಾಲನ್ನು ಬಿಡಬಹುದು. ಎಲ್ಲರಿಗೂ ಬಿಡುತ್ತೇವೆಂದು ಜಾಹೀರಾತು ಹಾಕುವುದು ಕಾನೂನುಬಾಹಿರ. ‘ಪೂರ್ತಿ ಉಚಿತ’ ಎಂಬ ಮಾತು ಕಿವಿಗೆ ಬಿದ್ದಾಗ ಅನುಮಾನ ಹುಟ್ಟಬೇಕಾದದ್ದು ಅದಕ್ಕೇ.

‘ದುಡ್ಡು ಸರ್ಕಾರದ್ದು, ನಮಗೇನು ನಷ್ಟ’ ಎನ್ನುವವರಿದ್ದಾರೆ. ನಷ್ಟವಿದೆ. ಬಹುತೇಕ ಉಪಕರಣಗಳಿಗೆ ಕನಿಷ್ಠ ಐದು ವರ್ಷ ಬಾಳಿಕೆ ಎಂದು ಮೆಡಿಕೇರ್ ಲೆಕ್ಕ ಹಾಕುತ್ತದೆ. ಅಳತೆಯೇ ನೋಡದೆ ಕಳಿಸಿದ ಬ್ರೇಸ್ ಕಪಾಟಿನಲ್ಲಿ ಕೊಳೆಯುತ್ತಿದ್ದರೂ ದಾಖಲೆಯಲ್ಲಿ ‘ಕೊಟ್ಟಾಗಿದೆ’. ಮುಂದೆ ವೈದ್ಯರೇ ಬರೆದುಕೊಟ್ಟ ಬ್ರೇಸ್‌ಗೆ ಹಣ ಸಿಗದೆ ಹೋಗಬಹುದು. ವಂಚನೆಯ ಪ್ರಮಾಣವೂ ಸಣ್ಣದಲ್ಲ: 2019ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಬಯಲಿಗೆಳೆದ ಬ್ರೇಸ್ ಜಾಲದಲ್ಲಿ 24 ಮಂದಿಯ ಮೇಲೆ ಆರೋಪ ಹೊರಿಸಲಾಯಿತು, ನಷ್ಟ 120 ಕೋಟಿ ಡಾಲರ್‌ಗೂ ಹೆಚ್ಚು. 2023ರಲ್ಲಿ ಮೂತ್ರದ ಕ್ಯಾತಿಟರ್ (ಕೊಳವೆ) ಕಂಡೇ ಇರದವರ ಹೆಸರಿನಲ್ಲೂ ಕ್ಯಾತಿಟರ್ ಬಿಲ್ ಬಿತ್ತು.

ಕೇಳದ ಪಾರ್ಸೆಲ್ ಬಂದರೆ ತೆಗೆದುಕೊಳ್ಳಬೇಡಿ, ವಾಪಸ್ ಕಳಿಸಿ. ಕಳಿಸಿದವರ ಹೆಸರು, ತಾರೀಖು ಬರೆದಿಡಿ. ಮೆಡಿಕೇರ್ ಆಗಾಗ ಕಳಿಸುವ ಲೆಕ್ಕಪತ್ರದ ಮೇಲೆ ‘ಇದು ಬಿಲ್ ಅಲ್ಲ’ ಎಂದಿರುತ್ತದೆ, ಹಾಗಾಗಿ ಬಹಳ ಮಂದಿ ಓದದೇ ಕಸದ ಬುಟ್ಟಿಗೆ ಹಾಕುತ್ತಾರೆ. ಅಪ್ಪ–ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಮಕ್ಕಳು ಜತೆಗೆ ಕೂತು ಮೂರು ಸಂಗತಿ ನೋಡಿ: ಕೊಟ್ಟವರ ಹೆಸರು, ದಿನಾಂಕ, ವಸ್ತು. ಪರಿಚಯವಿಲ್ಲದ ಹೆಸರು ಕಂಡರೆ 1-800-633-4227ಕ್ಕೆ ಫೋನ್ ಮಾಡಿ. ದುಭಾಷಿ ಬೇಕೆಂದು ಕೇಳಿದರೆ ಅದಕ್ಕೆ ಶುಲ್ಕವಿಲ್ಲ. ನಂಬರ್ ಈಗಾಗಲೇ ಹೇಳಿಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಹೊಸ ನಂಬರಿನ ಕಾರ್ಡ್ ಕೇಳಿ.