ಆಲೂಗಡ್ಡೆಯ ತವರಿನಲ್ಲಿ

ಹಾಸನದ ಕಡೆ ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು ನಾನು. ಜಲಂಧರದಿಂದ ಬರುವ ಬಿತ್ತನೆ ಗಡ್ಡೆಗಾಗಿ ಅಪ್ಪ ಮಾರುಕಟ್ಟೆಯ ಅಂಗಳದಲ್ಲಿ ರಾತ್ರಿಯಿಡೀ ಕಾಯುತ್ತಿದ್ದುದು, ಮಳೆ ಹಿಡಿದು ಮೋಡ ಕವಿದರೆ ಅಂಗಮಾರಿ ಬಂದು ಕೆಲವೇ ದಿನಗಳಲ್ಲಿ ಹೊಲವೆಲ್ಲ ಕಪ್ಪಾಗುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈ ಬೆಳೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು, ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಜನ ಇದನ್ನು ಬೆಳೆಯತೊಡಗಿದ್ದರು ಎಂದು ಓದಿದ ದಿನದಿಂದ ಅಲ್ಲಿಗೆ ಹೋಗಬೇಕೆಂಬ ಆಸೆ ಇತ್ತು. ಕಳೆದ ವರ್ಷ ಹೆಂಡತಿಯೊಂದಿಗೆ ಹದಿನಾಲ್ಕು ದಿನ ಪೆರು ಸುತ್ತಿ ಬಂದೆ.

ಹೊರಟದ್ದು ಜೂನ್ ಮೊದಲ ವಾರದಲ್ಲಿ. ನಮ್ಮಲ್ಲಿ ಬಿತ್ತನೆ ಮುಗಿಯುತ್ತಿರುವ ಹೊತ್ತು. ಅಲ್ಲಿ ಗಡ್ಡೆ ಕೀಳುವ ಹೊತ್ತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೆಟ್ಟಗಳಲ್ಲಿ ಒಣಹವೆ ಇರುವುದರಿಂದ ಪ್ರವಾಸಕ್ಕೂ ಇದೇ ಒಳ್ಳೆಯ ಕಾಲ. ಅಮೆರಿಕದಲ್ಲಿರುವ ಮಗನನ್ನು ನೋಡಲು ಪಡೆದಿದ್ದ ವೀಸಾ ಚಾಲ್ತಿಯಲ್ಲಿತ್ತು. ಅಂಥ ವೀಸಾಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿದ್ದರೆ ಭಾರತೀಯರಿಗೆ ಪೆರು ಪ್ರತ್ಯೇಕ ವೀಸಾ ಕೇಳುವುದಿಲ್ಲ. ಈ ಸವಲತ್ತು 2017ರಿಂದ ಇದೆ. ಆದರೂ ಟಿಕೆಟ್ ತೆಗೆಯುವ ಮುನ್ನ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಇನ್ನೊಂದು ಮುಖ್ಯ ವಿಷಯ ಹಳದಿ ಜ್ವರದ ಲಸಿಕೆ. ಪೆರುವಿನಿಂದ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಅದು ಮಾನ್ಯ. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಯ ಬದಲು ಪ್ರತ್ಯೇಕವಾಸಕ್ಕೆ ಹೋಗಬೇಕಾದೀತು. ನಾವು ಒಂದು ತಿಂಗಳು ಮೊದಲೇ ಬೆಂಗಳೂರಿನಲ್ಲಿ ಹಾಕಿಸಿಕೊಂಡಿದ್ದೆವು.

ಇಡೀ ಪ್ರಯಾಣವನ್ನು ನಾನು ಊರುಗಳ ಎತ್ತರ ನೋಡಿ ಜೋಡಿಸಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಕುಸ್ಕೊ ನಗರ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಸಮುದ್ರದ ದಡದಲ್ಲಿರುವ ಲಿಮಾದಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಅಷ್ಟು ಮೇಲಕ್ಕೆ ತಂದು ಇಳಿಸುತ್ತದೆ; ಮೈ ಅದಕ್ಕೆ ಸಿದ್ಧವಾಗಿರುವುದಿಲ್ಲ. ಆದ್ದರಿಂದ ನಾವು ಕುಸ್ಕೊದಲ್ಲಿ ನಿಲ್ಲದೆ ಅಲ್ಲಿಂದಲೇ ಬಾಡಿಗೆ ಕಾರು ಹಿಡಿದು ಉರುಬಾಂಬಾ ನದಿಯ ಕಣಿವೆಗೆ ಇಳಿದು, ಸುಮಾರು 2,970 ಮೀಟರ್ ಎತ್ತರದ ಪಿಸಾಕ್ ಊರಿನಲ್ಲಿ ನಾಲ್ಕು ರಾತ್ರಿ ಉಳಿದೆವು. ಇಷ್ಟೆಲ್ಲ ಲೆಕ್ಕ ಹಾಕಿದ್ದರೂ ನಾನೊಂದು ತಪ್ಪು ಮಾಡಿದೆ. ಎರಡನೆಯ ದಿನವೇ ಬೆಟ್ಟದ ಮೇಲಿನ ಇಂಕಾ ಕಾಲದ ಕಟ್ಟಡಗಳನ್ನು ನೋಡಲು ಅವಸರದಿಂದ ಹತ್ತಿದೆ. ಸಂಜೆಗೆ ತಲೆ ಸಿಡಿಯುವಂತಾಯಿತು, ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಮನೆಯೊಡತಿ ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟರು. ಮರುದಿನ ಪೂರ್ತಿ ಮಲಗಿದ ಮೇಲೆಯೇ ಸರಿಹೋದದ್ದು. ಮೊದಲ ಎರಡು ದಿನ ನಿಧಾನವಾಗಿ ನಡೆಯಿರಿ, ಹೆಚ್ಚು ನೀರು ಕುಡಿಯಿರಿ, ರಾತ್ರಿ ಹಗುರವಾಗಿ ಉಣ್ಣಿರಿ. ಕೋಕಾ ಎಲೆಯನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡು ಬರಬೇಡಿ. ಅಲ್ಲಿ ಅದು ಎಲ್ಲರೂ ಬಳಸುವ ಎಲೆ, ನಮ್ಮಲ್ಲಿಯೂ ಅಮೆರಿಕದಲ್ಲಿಯೂ ನಿಷಿದ್ಧ.

ನಾಲ್ಕನೆಯ ದಿನ ಆಲೂಗಡ್ಡೆ ಉದ್ಯಾನಕ್ಕೆ ಹೋದೆವು. ಸ್ಪ್ಯಾನಿಷ್‌ನಲ್ಲಿ ಇದರ ಹೆಸರು ಪಾರ್ಕೆ ದೆ ಲಾ ಪಾಪಾ. ಉದ್ಯಾನವೆಂದರೆ ಬೇಲಿ ಹಾಕಿದ ತೋಟವಲ್ಲ. ಪಿಸಾಕ್‌ನ ಮೇಲಿನ ಬೆಟ್ಟಗಳಲ್ಲಿರುವ ಕೆಚುವಾ ಎಂಬ ಮೂಲನಿವಾಸಿಗಳ ಕೆಲವು ಹಳ್ಳಿಗಳು ಒಟ್ಟಾಗಿ ತಮ್ಮ ಹೊಲ, ಹುಲ್ಲುಗಾವಲು, ಕೆರೆಗಳನ್ನೇ ಹೀಗೆ ಕರೆದು ಕಾಪಾಡಿಕೊಳ್ಳುತ್ತಿವೆ. ಸಾವಿರಕ್ಕೂ ಹೆಚ್ಚು ಬಗೆಯ ಗಡ್ಡೆಗಳು ಇಲ್ಲಿ ಬೆಳೆಯುತ್ತವೆ. ಅವುಗಳಲ್ಲಿ ಎಷ್ಟೋ ತಳಿಗಳು ಈ ಹೊಲಗಳಿಂದ ಮರೆಯಾಗಿದ್ದವು. ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 2004ರಲ್ಲಿ ಈ ಹಳ್ಳಿಗಳೊಂದಿಗೆ ಒಪ್ಪಂದ ಮಾಡಿಕೊಂಡು, ತನ್ನ ಸಂಗ್ರಹದಲ್ಲಿದ್ದ ತಳಿಗಳನ್ನು ರೋಗಮುಕ್ತಗೊಳಿಸಿ ಹಿಂದಿರುಗಿಸಿತು. ಭೇಟಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ನಾವು ಉಳಿದಿದ್ದ ಮನೆಯವರೇ ಮಾತಾಡಿ, ಇಂಗ್ಲಿಷ್ ಬಲ್ಲ ಹುಡುಗನೊಬ್ಬನನ್ನೂ ಜೊತೆಗೆ ಕಳುಹಿಸಿದರು.

ಹೊಲದಲ್ಲಿ ಗಂಡಸರು ಕಾಲಿನಿಂದ ಒತ್ತುವ ನೇಗಿಲನ್ನು ನೆಲಕ್ಕೆ ಇಳಿಸಿ ಮಣ್ಣು ಎತ್ತುತ್ತಿದ್ದರು. ಅದರ ಹೆಸರು ಚಾಕಿ ತಾಕ್ಯಾ. ಹೆಂಗಸರು ಬಗ್ಗಿ ಗಡ್ಡೆ ಆರಿಸುತ್ತಿದ್ದರು. ನೇರಳೆ, ಕೆಂಪು, ಕಪ್ಪು, ಹಳದಿ; ಕೆಲವು ಬೆರಳಿನಂತೆ ನೀಳ, ಕೆಲವು ಶುಂಠಿಯಂತೆ ಗಂಟುಗಂಟು. ನನ್ನ ಹೆಂಡತಿ ಒಂದು ಗಂಟುಗಡ್ಡೆಯನ್ನು ಕೈಗೆತ್ತಿಕೊಂಡು, "ಇದರ ಸಿಪ್ಪೆ ತೆಗೆಯುವುದು ಹೇಗಮ್ಮಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಳು. ಭಾಷೆ ತಿಳಿಯದಿದ್ದರೂ ಅಲ್ಲಿದ್ದ ಅಜ್ಜಿಗೆ ಪ್ರಶ್ನೆ ಅರ್ಥವಾಯಿತು. ಅದರ ಹೆಸರೇ ಕಚುನ್ ವಕಾಚಿ, ಎಂದರೆ ಸೊಸೆಯನ್ನು ಅಳಿಸುವ ಗಡ್ಡೆ. ಹೊಸದಾಗಿ ಮನೆಗೆ ಬರುವ ಹುಡುಗಿಗೆ ಅತ್ತೆ ಇದನ್ನು ಕೊಟ್ಟು ಸಿಪ್ಪೆ ಹೆರೆಯಲು ಹೇಳುತ್ತಾಳಂತೆ. ಗಡ್ಡೆ ಹೆಚ್ಚು ಪೋಲಾಗದಂತೆ ಹೆರೆದರೆ ಅವಳು ಗೆದ್ದಂತೆ. ಮತ್ತೊಂದಕ್ಕೆ ಪೂಮಾದ ಪಂಜ ಎಂದು ಹೆಸರು.

ನಾನು ಹಾಸನದವನು, ಆಲೂಗಡ್ಡೆ ಬೆಳೆಯುವ ಮನೆಯವನು ಎಂದು ಹುಡುಗ ಹೇಳಿದಾಗ ಹಿರಿಯ ರೈತರೊಬ್ಬರು ಕೆಲಸ ನಿಲ್ಲಿಸಿ ಬಳಿಗೆ ಬಂದರು. "ನಿಮ್ಮ ಹೊಲದಲ್ಲಿ ಎಷ್ಟು ಬಗೆ ಇವೆ?" ಎಂದು ಕೇಳಿದರು. ಒಂದೇ, ಕುಫ್ರಿ ಜ್ಯೋತಿ ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಬಳಿಕ, "ಹಾಗಾದರೆ ರೋಗ ಬಂದ ವರ್ಷ ಏನು ಉಣ್ಣುತ್ತೀರಿ?" ಎಂದರು. ಅವರು ಒಂದೇ ಹೊಲದಲ್ಲಿ ಹತ್ತಾರು ಬಗೆಗಳನ್ನು ಬೆರೆಸಿ ಹಾಕುತ್ತಾರೆ; ಹಿಮ ಬಿದ್ದರೆ ಕೆಲವು ಸಾಯುತ್ತವೆ, ಮಳೆ ತಪ್ಪಿದರೆ ಬೇರೆ ಕೆಲವು, ಉಳಿದವು ಮನೆಯನ್ನು ಸಾಕುತ್ತವೆ. 1845ರಿಂದ ಐರ್ಲೆಂಡಿನಲ್ಲಿ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಬರಕ್ಕೆ ಕಾರಣವಾದದ್ದು ನಮ್ಮ ಹೊಲಕ್ಕೂ ಬರುವ ಇದೇ ಅಂಗಮಾರಿ. ಅಲ್ಲಿನ ಬಡವರೂ ಬಹುಮಟ್ಟಿಗೆ ಒಂದೇ ತಳಿಯನ್ನು ನಂಬಿದ್ದರು. ಈ ಬೆಟ್ಟದಲ್ಲೂ ಎಲ್ಲ ಸುಖವಾಗಿಲ್ಲ. ಸೆಕೆ ಏರುತ್ತಿರುವುದರಿಂದ ತಾವು ಚಿಕ್ಕವರಿದ್ದಾಗ ಕೆಳಗೆ ಹಾಕುತ್ತಿದ್ದ ಗಡ್ಡೆಗಳನ್ನು ಈಗ ಬಹಳ ಮೇಲೆ ಹಾಕಬೇಕಾಗಿದೆ ಎಂದು ಅವರು ಬೆಟ್ಟದ ನೆತ್ತಿಯನ್ನು ತೋರಿಸಿದರು. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು.

ಮಧ್ಯಾಹ್ನ ಹೊಲದಲ್ಲೇ ಊಟ. ಹೆಂಟೆಗಳನ್ನು ಗುಮ್ಮಟದಂತೆ ಪೇರಿಸಿ, ಒಳಗೆ ಬೆಂಕಿ ಹಾಕಿ, ಹೆಂಟೆ ಕೆಂಪಗೆ ಕಾದ ಮೇಲೆ ಗಡ್ಡೆಗಳನ್ನು ಒಳಗೆ ಸುರಿದು ಗುಮ್ಮಟವನ್ನೇ ಅವುಗಳ ಮೇಲೆ ಕೆಡವಿ ಮಣ್ಣು ಮುಚ್ಚುತ್ತಾರೆ. ಇದಕ್ಕೆ ವಾತಿಯಾ ಎಂದು ಹೆಸರು. ಉಣ್ಣುವ ಮೊದಲು ಆ ಹಿರಿಯರು ಮೂರು ಕೋಕಾ ಎಲೆಗಳನ್ನು ಬೆರಳ ತುದಿಯಲ್ಲಿ ಹಿಡಿದು, ಉಸಿರು ಊದಿ, ಪಚಮಾಮಾ ಎಂದು ಭೂತಾಯಿಗೆ ಒಪ್ಪಿಸಿದರು. ಭೂಮಿ ಹುಣ್ಣಿಮೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದ ಅಜ್ಜನನ್ನು ನೆನೆದು ನಾನೂ ಕೈಮುಗಿದೆ. ಬಿರಿದ ಗಡ್ಡೆಯ ಒಳಗೆ ಹಿಟ್ಟುಹಿಟ್ಟಾಗಿ, ನೇರಳೆ ಬಣ್ಣದ ಉಂಗುರ. ಜೊತೆಗೆ ಹಸಿಮೆಣಸಿನಕಾಯಿ ಮತ್ತು ಸೊಪ್ಪನ್ನು ಕಲ್ಲಿನಲ್ಲಿ ಅರೆದ ಉಚುಕುತಾ, ನಮ್ಮ ಒರಳಿನ ಚಟ್ನಿಯಂಥದ್ದೇ. ಹದಿನಾಲ್ಕು ದಿನಗಳಲ್ಲಿ ನಾನು ಉಂಡ ಅತ್ಯುತ್ತಮ ಊಟ ಇದು.

ಸಸ್ಯಾಹಾರಿಗಳಿಗೆ ಒಂದು ಮಾತು: "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ತಟ್ಟೆಗೆ ಬಂದೀತು. "ಸಿನ್ ಪೊಯೊ, ಸಿನ್ ಪೆಸ್ಕಾದೊ" ಎಂದೂ ಸೇರಿಸಿ. ಸೂಪಿಗೆ ಮಾಂಸದ ನೀರು ಹಾಕಿದ್ದಾರೆಯೇ ಎಂದು ಕೇಳಿ. ಕಿನುವಾ ಸೂಪು, ದಪ್ಪ ಕಾಳಿನ ಮೆಕ್ಕೆಜೋಳ ಮತ್ತು ಚೀಸ್ ಎಲ್ಲೆಡೆ ಸಿಗುತ್ತವೆ.

ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಹಳೆಯ ಊರಾದ ಮಾಚು ಪಿಚುವಿಗೆ ಒಯಾಂತಾಯ್ತಾಂಬೊ ಊರಿನಿಂದ ರೈಲಿನಲ್ಲಿ ಹೋದೆವು. ಪ್ರವೇಶದ ಟಿಕೆಟನ್ನು ತಿಂಗಳುಗಳ ಮೊದಲೇ ತೆಗೆಯಬೇಕು, ಯಾವ ದಾರಿಯಲ್ಲಿ ಸುತ್ತುತ್ತೀರಿ ಎಂಬುದನ್ನೂ ಆಗಲೇ ಆರಿಸಬೇಕು. ಎತ್ತರ 2,430 ಮೀಟರ್ ಮಾತ್ರ, ಉಸಿರಾಟ ಹಗುರ. ಎಲ್ಲರೂ ಚಿತ್ರ ತೆಗೆಯುವ ಜಾಗದಲ್ಲಿ ನಾನೂ ನಿಂತೆ, ಮಂಜು ಸರಿದಾಗ ಮಾತು ಹೊರಡಲಿಲ್ಲ. ಆದರೆ ಹೆಚ್ಚು ಹೊತ್ತು ನೋಡಿದ್ದು ಅಲ್ಲಿನ ಮೆಟ್ಟಿಲು ಮಡಿಗಳನ್ನು. ತಳದಲ್ಲಿ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಕಪ್ಪು ಮಣ್ಣು. ನೀರು ನಿಲ್ಲದೆ ಬಸಿದು ಹೋಗುವುದರಿಂದಲೇ ಆರುನೂರು ವರ್ಷಗಳ ಹತ್ತಿರ ಆ ಮಳೆಯ ಬೆಟ್ಟ ಜಾರದೆ ನಿಂತಿದೆ. ಕುಸ್ಕೊದಲ್ಲಿ ಎರಡು ದಿನ ಸಾಕಾಯಿತು.

ಟಿಟಿಕಾಕಾ ಸರೋವರದಲ್ಲಿ ಜೊಂಡಿನ ಮೇಲೆ ತೇಲುವ ಉರೋಸ್ ದ್ವೀಪಗಳಿಗೆ ಎಲ್ಲರೂ ಹೋಗುತ್ತಾರೆ. ಅಲ್ಲಿ ನನಗೆ ಅವಸರವೇ ಹೆಚ್ಚು ಕಂಡಿತು. ನಿಮಗೆ ಸಮಯವಿದ್ದರೆ ತಕಿಲೆ ದ್ವೀಪದಲ್ಲಿ ಒಂದು ರಾತ್ರಿ ಉಳಿಯಿರಿ. ದೋಣಿ ಇಳಿದು ಐನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು ಹತ್ತಬೇಕು. ಗಂಡಸರು ನಡೆಯುತ್ತಲೇ ಟೋಪಿ ಹೆಣೆಯುತ್ತಾರೆ, ಅದರ ಬಣ್ಣ ನೋಡಿ ಮದುವೆಯಾಗಿದೆಯೇ ಇಲ್ಲವೇ ಎಂದು ಹೇಳಬಹುದು. ಇಡೀ ದ್ವೀಪದ ಬೇಸಾಯದ ನೆಲವನ್ನು ಆರು ಭಾಗ ಮಾಡಿ, ಯಾವ ಭಾಗದಲ್ಲಿ ಈ ವರ್ಷ ಆಲೂಗಡ್ಡೆ, ಯಾವುದಕ್ಕೆ ಬೀಳು ಎಂದು ಊರೇ ಕೂಡಿ ತೀರ್ಮಾನಿಸುತ್ತದೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಸರೋವರದ ಸುತ್ತಲಿನ ಬಯಲಿನಲ್ಲಿ ಅದೇ ಚಳಿಗೆ ಗಡ್ಡೆಗಳನ್ನು ಹರಡಿ, ಬೆಳಿಗ್ಗೆ ಬಿಸಿಲಿಗೆ ಕರಗಿದಾಗ ಬರಿಗಾಲಿನಿಂದ ತುಳಿದು ನೀರು ಹಿಂಡಿ ಒಣಗಿಸುತ್ತಾರೆ. ಹೀಗೆ ಆಗುವ ಚುನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗೆಯೇ ತಿನ್ನಲಾಗದಷ್ಟು ಕಹಿಯಾದ ಗಡ್ಡೆಗಳೂ ಇದರಿಂದ ಆಹಾರವಾಗುತ್ತವೆ. ನಾನು ಒಂದನ್ನು ಅಂಗೈಯಲ್ಲಿ ತೂಗಿ ನೋಡಿದೆ, ಬೆಂಡಿನಷ್ಟು ಹಗುರ.

ಗಡ್ಡೆಗಳನ್ನು ದೇಶದೊಳಗೆ ತರುವಂತಿಲ್ಲ. ಮಣ್ಣಿನೊಂದಿಗೆ ರೋಗ ಬರುತ್ತದೆ, ಆ ಕಾನೂನು ಸರಿಯಾದದ್ದೇ. ಉದ್ಯಾನದಲ್ಲಿ ಕೇಳಿದ ಅರವತ್ತೆರಡು ಹೆಸರುಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ತಂದೆ. ಊರಿಗೆ ಬಂದ ದಿನ ಸಂಜೆ ಬದುವಿನ ಮೇಲೆ ಕುಳಿತು ಅಪ್ಪನಿಗೆ ಒಂದೊಂದಾಗಿ ಓದಿದೆ. ಮುಂದೆ ನಮ್ಮ ಜ್ಯೋತಿ ಗಿಡಗಳು ಆಗಷ್ಟೇ ಮೊಳೆತು ಸಾಲು ಹಿಡಿದಿದ್ದವು. ಅಪ್ಪ ಎಲ್ಲವನ್ನೂ ಕೇಳಿ, "ಆ ಸೊಸೆಯದನ್ನು ಇನ್ನೊಮ್ಮೆ ಓದು" ಎಂದರು.