ಆಟಗಾರನ ಕೈ ಕಟ್ಟದೆ ಕಥೆ ಹೇಳಿದ್ದು

ನಮ್ಮದು ಒಬ್ಬರೇ ಕೂತು ಆಡುವ ಎರಡು ಗಂಟೆಯ ವಿಡಿಯೋ ಗೇಮ್. ಮಡಿಕೇರಿ ಕಡೆಯ ಒಂದು ಕಾಫಿ ತೋಟ, ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳ) ಮಳೆ, ಕರೆಂಟಿಲ್ಲ, ಹಾಜರಿ-ಲೆಕ್ಕ ಬರೆಯುವ ತೋಟದ ರೈಟರು ಕಾಣೆ. ಕಥೆ ಇಷ್ಟೇ. ಯಾವ ಮಾತು ಎಲ್ಲಿ ಬರಬೇಕು ಅನ್ನುವುದೇ ನಿಜವಾದ ಕೆಲಸ.

1998ರ ಹಾಫ್-ಲೈಫ್ ಎಂಬ ಗೇಮ್ ಬಹುಪಾಲು ಕಥೆಯನ್ನು ಆಟಗಾರ ಓಡಾಡುತ್ತಿರುವಾಗಲೇ ಹೇಳಿ ಮುಗಿಸಿತ್ತು. ನಾವೂ ಅದನ್ನೇ ಹಿಡಿದೆವು, ನಡುವೆ ಸಿನಿಮಾ ತುಣುಕು ಇಲ್ಲ. ಆದರೆ ಆಗ ಪ್ರತಿ ಮಾತಿಗೂ ದಾರಿ ಅಳೆಯಬೇಕು. ಪಾತ್ರ ಸೆಕೆಂಡಿಗೆ 4 ಮೀಟರ್ ಓಡುತ್ತದೆ ಅಂದರೆ 15 ಸೆಕೆಂಡಿನ ಮಾತಿಗೆ 60 ಮೀಟರ್ ಬೇಕು. ಆಳುಗಳು ಇರುವ ಲೈನ್ ಮನೆಯಿಂದ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶೆಡ್ಡಿಗೆ ಇದ್ದದ್ದು 35. ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ದಾರಿ ಉದ್ದ ಮಾಡಿದರೆ ಬೇಸರ. ಅದಕ್ಕೆ ಒಂದು ಸಿಲ್ವರ್ ಓಕ್ ಅಡ್ಡ ಬೀಳಿಸಿ, ಮಾತನ್ನು ತುಸು ಮೊಟಕು ಮಾಡಿ ಆರಾರು ಸೆಕೆಂಡಿನ ಎರಡು ತುಂಡು ಮಾಡಿದೆವು: ಒಂದು ಮರಕ್ಕೆ ಮೊದಲು, ಇನ್ನೊಂದು ಮರ ದಾಟಿದ ಮೇಲೆ.

ರೈಟರು ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಕಡೆ ಹತ್ತಿ ಹೋದರು ಅನ್ನುವ ಸುಳಿವನ್ನು ಮೂರು ಕಡೆ ಇಟ್ಟಿದ್ದೇವೆ: ಕೆಸರಲ್ಲಿ ಗಂಬೂಟಿನ ಗುರುತು, ಲೈನ್ ಮನೆಯ ಅಜ್ಜಿಯ ಮಾತು, ಹಾಜರಿ ಪುಸ್ತಕ. ಪುಸ್ತಕದಲ್ಲಿ ಸೋಮವಾರದವರೆಗೆ ಎಲ್ಲರ ಹೆಸರ ಮುಂದೂ ಗುರುತಿದೆ, ಮಂಗಳವಾರದ ಕಾಲಂ ಖಾಲಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಮೇಲೆ ಹೋಗಿ ಬರುವೆ’. ಪುಟ ತುಂಬ ಬರೆದರೆ ಯಾರೂ ಓದುವುದಿಲ್ಲ.

ಒಂದೊಂದು ಸುಳಿವೂ ಸಿಕ್ಕಿರಬಹುದು, ಸಿಗದೆಯೂ ಇರಬಹುದು; ಹಾಗಾಗಿ ಮೂರು ಸುಳಿವು ಅಂದರೆ ಎಂಟು ಸ್ಥಿತಿ. ಎಂಟಕ್ಕೂ ಬೇರೆ ಬೇರೆ ಸಂಭಾಷಣೆ ಬರೆಯಲು ಹೋಗಬೇಡಿ. ಎಷ್ಟು ಸಿಕ್ಕಿದೆ ಅನ್ನುವ ಎಣಿಕೆ ನೋಡಿದರೆ, ಸೊನ್ನೆಯಿಂದ ಮೂರರವರೆಗೆ, ನಾಲ್ಕೇ ಸಾಕು. ಆ ಎಣಿಕೆ ಸೇವ್ ಫೈಲಿಗೂ ಹೋಗಬೇಕು. ಇಲ್ಲದಿದ್ದರೆ ಮರುದಿನ ಆಟ ತೆರೆದವನಿಗೆ ಅಜ್ಜಿ ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ.

ಕನ್ನಡದಲ್ಲಿ ಬರೆಯುವವರಿಗೆ ಪುಕ್ಕಟೆ ಸಿಗುವ ಒಂದು ಅನುಕೂಲವಿದೆ. ನಾಯಕ ಧಣಿಗಳ ಮಗ. ಮೊದಲ ಭಾಗದಲ್ಲಿ ವಯಸ್ಸಾದ ಆಳಿಗೆ ‘ನೀನು ನೋಡಿದ್ಯಾ?’ ಅನ್ನುತ್ತಾನೆ. ಆ ಆಳು ಅವನನ್ನು ಹೊಳೆ ದಾಟಿಸಿದ ಮೇಲೆ, ಯಾವ ವಿವರಣೆಯೂ ಇಲ್ಲದೆ, ‘ನೀವು ಹುಷಾರು’. ಆ ಒಂದು ಪದಕ್ಕಾಗಿ ಮುಂಚೆ ಬರೆದಿದ್ದ ಹನ್ನೆರಡು ಸಾಲು ಕಿತ್ತು ಹಾಕಿದೆವು.

ಅಕ್ಷರದ ತೊಂದರೆ ಬೇರೆ. ನಾವು ಗೇಮ್ ಕಟ್ಟಿದ ಗೋಡೋ ಎಂಬ ತಂತ್ರಾಂಶದ 3ನೇ ಆವೃತ್ತಿಯಲ್ಲಿ ಒತ್ತಕ್ಷರ ಕೂಡುವುದೇ ಇಲ್ಲ, 4ರಲ್ಲಿ ಸರಿಯಾಗಿದೆ. ಆದರೂ ಒಂದೊಂದೇ ಅಕ್ಷರ ಮೂಡಿಸುವಾಗ ‘ಕ್ಷಮಿಸಿ’ ಎಂಬುದು ಮೊದಲು ಕ, ಆಮೇಲೆ ಕ್, ಆಮೇಲೆ ಕ್ಷ ಆಗಿ ಕುಣಿಯುತ್ತದೆ. ಪರದೆಯಲ್ಲಿ ಬರಹ ತೋರಿಸುವ ಲೇಬಲ್‌ನ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನು ‘ಆಫ್ಟರ್ ಶೇಪಿಂಗ್’ಗೆ ಬದಲಿಸಿ, ಆಗ ಅಕ್ಷರಗಳು ಮೊದಲೇ ಕೂಡಿಕೊಂಡು ಆಮೇಲೆ ಮೂಡುತ್ತವೆ. ಸಾಲಿನ ಕೊನೆಯ ಪದ ಕೆಳಗೆ ಜಿಗಿಯುವುದೂ ಅದರಿಂದಲೇ ನಿಲ್ಲುತ್ತದೆ.

ಕೊನೆಗೆ ಮಳೆ. ಮಳೆಯ ಆಡಿಯೋ ಬಸ್‌ಗೆ (ಶಬ್ದ ಹರಿಯುವ ದಾರಿಗೆ) ದನಿ ತಗ್ಗಿಸುವ ಕಂಪ್ರೆಸರ್ ಹಾಕಿ, ಯಾವ ಶಬ್ದ ಕೇಳಿ ತಗ್ಗಬೇಕು ಎಂದು ಹೇಳುವ ಅದರ ಸೈಡ್‌ಚೈನ್‌ಗೆ ಮಾತಿನ ಬಸ್ ಕೊಟ್ಟರೆ ಯಾರಾದರೂ ಬಾಯಿ ತೆರೆದಾಗ ಮಳೆ ತಾನೇ ತಗ್ಗುತ್ತದೆ. ಶೀಟಿನ ಸೂರಿನಡಿ ಮಾತ್ರ ಅದೂ ಸಾಲಲಿಲ್ಲ. ಎಷ್ಟು ತಗ್ಗಿಸಿದರೂ ಒಂದೋ ಮಾತು ಕೇಳದು, ಇಲ್ಲ ಮಳೆ ನಿಂತಂತೆ ಅನಿಸುವುದು. ಅಜ್ಜಿಯನ್ನು ಹೆಂಚಿನ ಜಗಲಿಗೆ ಕೂರಿಸಿದೆವು.